ಫೆಲೋಶಿಪ್ ಬಂದಿದೆ, ಸೇರಲೇ ಬೇಡವೇ?

(ಗುರುತು ಸಿಗದಂತೆ ಹೆಸರು, ಊರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಅವಳನ್ನು ಇಲ್ಲಿ ಸುಮಾ ಎನ್ನೋಣ. ವಯಸ್ಸು ಇಪ್ಪತ್ತಮೂರು, ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಯ ಹಿರಿಯ ಮಗಳು. ಮೈಸೂರಿನಲ್ಲಿ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿ, ಸಿಎಸ್‌ಐಆರ್‌–ಯುಜಿಸಿ ನೆಟ್‌ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್‌, ಅಂದರೆ ಪಿಎಚ್‌.ಡಿ ಮಾಡುವವರಿಗೆ ತಿಂಗಳ ಹಣ ಕೊಡುವ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದಿದ್ದಳು. ಅದೇ ಹೊತ್ತಿಗೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಕೆಲಸವೂ ಸಿಕ್ಕಿತ್ತು. ಯಾವುದಕ್ಕೆ ಸೇರುವುದೆಂದು ಸಲಹೆ ಕೇಳಲು ತಂದೆಯ ಜೊತೆ ನನ್ನ ಬಳಿ ಬಂದಿದ್ದಳು.

“ಮೇಡಂ, ಜೆಆರ್‌ಎಫ್‌ ಬಂದ ಮೇಲೂ ಸೇರದಿದ್ದರೆ ಹುಚ್ಚು ಎನ್ನುತ್ತಾರೆ. ಆದರೆ ಪಿಎಚ್‌.ಡಿ ಮಾಡುವಷ್ಟು ಬುದ್ಧಿ ನನಗಿದೆಯೇ ಎಂದು ನನಗೇ ಅನುಮಾನ.”

ಇಂಥ ಅನುಮಾನಕ್ಕೆ ನಾನು ಧೈರ್ಯದ ಮಾತು ಹೇಳಿ ಕಳುಹಿಸುವುದಿಲ್ಲ. ನೆಟ್‌ ಪಾಸಾದವಳ ಬುದ್ಧಿಯನ್ನು ನಾನು ಅಳೆಯಬೇಕಾಗಿಲ್ಲ. ಉತ್ತರ ಸಿಗದ ದಿನಗಳಲ್ಲಿ ಅವಳು ಹೇಗಿರುತ್ತಾಳೆ ಎಂಬುದು ನನಗೆ ತಿಳಿಯಬೇಕಿತ್ತು. ಎಂ.ಎಸ್ಸಿ ಪ್ರಾಜೆಕ್ಟ್‌ನಲ್ಲಿ ತುಂಬ ಕಾಡಿದ ದಿನ ಯಾವುದು ಎಂದು ಕೇಳಿದೆ.

ಮೊಳಕೆ ಬರಿಸಿದ ರಾಗಿಯ ಅಮೈಲೇಸ್ ಕಿಣ್ವ ಅವಳ ವಿಷಯ. ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಡಿಎನ್‌ಎಸ್ ದ್ರಾವಣ ಹಾಕಿದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕುದಿಯುವ ನೀರಿನಲ್ಲಿಟ್ಟಾಗ ಸಕ್ಕರೆ ಇದ್ದಷ್ಟು ಬಣ್ಣ ಗಾಢವಾಗುತ್ತದೆ. ಆ ಗಾಢತೆಯನ್ನು ಉಪಕರಣದಲ್ಲಿ, 540 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಬೇಕು. ಇವಳಿಗೆ ಒಂದೇ ಮಾದರಿಯ ಟ್ಯೂಬ್‌ಗಳಲ್ಲೂ ಕೊನೆಯವು ಮೊದಲಿನವಕ್ಕಿಂತ ಗಾಢವಾಗಿ ಬರುತ್ತಿದ್ದವು. ರಾಸಾಯನಿಕ ಹಳೆಯದಾಗಿರಬೇಕು, ಹೊಸದನ್ನು ತಯಾರಿಸು ಎಂದರು ಜೊತೆಯವರು. ತಯಾರಿಸಿದಳು, ಫಲಿತಾಂಶ ಬದಲಾಗಲಿಲ್ಲ. ಒಂದು ಸಂಜೆ ಟ್ಯೂಬ್‌ಗಳ ಕ್ರಮವನ್ನು ತಿರುವು ಮುರುವು ಮಾಡಿದಳು. ಆಗಲೂ ಕೊನೆಯಲ್ಲಿದ್ದವೇ ಗಾಢ. ಕಿಣ್ವವನ್ನು ಎಲ್ಲಕ್ಕೂ ಸರಸರನೆ ಹಾಕಿಬಿಡುತ್ತಿದ್ದಳು, ಡಿಎನ್‌ಎಸ್ ಮಾತ್ರ ಒಂದೊಂದಕ್ಕೇ ನಿಧಾನವಾಗಿ ಹಾಕುತ್ತಿದ್ದಳು; ಹಾಗಾಗಿ ಕೊನೆಯ ಟ್ಯೂಬ್‌ಗಳಲ್ಲಿ ಕಿಣ್ವಕ್ಕೆ ಕೆಲಸ ಮಾಡಲು ಹೆಚ್ಚು ಸಮಯ ಸಿಗುತ್ತಿತ್ತು! ಮರುದಿನ ಗಡಿಯಾರ ಮುಂದಿಟ್ಟುಕೊಂಡು, ಎರಡನ್ನೂ ಒಂದು ಟ್ಯೂಬ್‌ನಿಂದ ಇನ್ನೊಂದಕ್ಕೆ ಮೂವತ್ತು ಸೆಕೆಂಡಿನ ಅಂತರದಲ್ಲಿ ಹಾಕಿದಳು. ಬಣ್ಣ ಸಮನಾಯಿತು.

ಇದನ್ನು ಹೇಳುವಾಗ ಅವಳ ಕೈಗಳು ಮೇಜಿನ ಮೇಲೆ ಇಲ್ಲದ ಟ್ಯೂಬ್‌ಗಳನ್ನು ಜೋಡಿಸುತ್ತಿದ್ದವು. ರ‍್ಯಾಂಕಿನ ಬಗ್ಗೆ ಮಾತನಾಡುವಾಗ ಈ ಉತ್ಸಾಹ ಕಂಡಿರಲಿಲ್ಲ. ನನ್ನ ಮಟ್ಟಿಗೆ ಪಿಎಚ್‌.ಡಿಗೆ ಬೇಕಾದ ಮೊದಲ ಅರ್ಹತೆ ಇದೇ, ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ತಂದೆಯ ಪ್ರಶ್ನೆ ಬೇರೆಯೇ ಇತ್ತು. “ಮುಗಿದ ಮೇಲೆ ಲೆಕ್ಚರರ್ ಕೆಲಸ ಸಿಗುತ್ತದೆ ತಾನೇ, ಮೇಡಂ?”

“ಯಜಮಾನರೇ, ಪಾಠ ಮಾಡುವ ಕೆಲಸವಷ್ಟೇ ಬೇಕಿದ್ದರೆ ಇಷ್ಟು ವರ್ಷ ಸವೆಸಬೇಕಾಗಿಲ್ಲ” ಎಂದೆ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ ಅಥವಾ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳಾದ ಸೆಟ್, ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ ಕಡ್ಡಾಯವಲ್ಲ. ನೇಮಕಾತಿ ಯಾವಾಗ ಆಗುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು. ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳುವುದಾದರೆ ಪಿಎಚ್‌.ಡಿ ನಂತರವೂ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಹುದ್ದೆಯಲ್ಲಿ ಕೆಲವು ವರ್ಷ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರಬೇಕಾಗಬಹುದು.

“ಹಾಗಾದರೆ ಇದರಿಂದ ಯಾರಿಗೇನು ಲಾಭ?” ಎಂದರು. ಕೇಳಬೇಕಾದ ಮಾತೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಬಗ್ಗೆ ಹೇಳಿದೆ. ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದ ವಿಜ್ಞಾನಿ ಅಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. “ಇಂಡಾಫ್ ನಾವೂ ಬಿತ್ತಿದ್ದೇವೆ” ಎಂದು ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಹಣದ ಮಾತು ಸಲೀಸಾಯಿತು.

ಜೆಆರ್‌ಎಫ್‌ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಕೆಲಸ ತೃಪ್ತಿಕರ ಎನಿಸಿದರೆ 42,000. ಎರಡೂ ಸೇರಿ ಹೆಚ್ಚೆಂದರೆ ಐದು ವರ್ಷ. ಕಾರ್ಖಾನೆ ಕೊಡುವುದಕ್ಕಿಂತ ಇದು ಹೆಚ್ಚಿತ್ತು. ಆದರೆ ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಆ ಅವಧಿಯಲ್ಲಿ ಬೇರೆ ಸಂಬಳದ ಕೆಲಸ ಮಾಡುವಂತಿಲ್ಲ. ಕಬ್ಬಿನ ಹಣಕ್ಕೆ ಕಾದು ರೂಢಿಯಿದ್ದ ತಂದೆಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ತಮ್ಮನ ಕಾಲೇಜು ಶುಲ್ಕವನ್ನು ಇವಳ ಹಣದ ಮೇಲೆ ನಿಲ್ಲಿಸಬೇಡಿ, ಆರು ತಿಂಗಳ ಖರ್ಚಿಗೆ ಬೇರೆ ದಾರಿ ಇಟ್ಟುಕೊಳ್ಳಿ ಎಂದೆ.

ಮದುವೆಯ ವಿಷಯವನ್ನು ಅವರು ಎತ್ತಲಿಲ್ಲ, ನಾನೇ ಎತ್ತಿದೆ. ವಿಶ್ವವಿದ್ಯಾಲಯಗಳಿಗೆ ನಿಯಮ ರೂಪಿಸುವ ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌.ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ; ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ಅದರ ಮೇಲೆ ಮಹಿಳೆಯರಿಗೆ ಎರಡು ವರ್ಷದ ಹೆಚ್ಚುವರಿ ಸಡಿಲಿಕೆಯೂ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ ಇವೆ. ಗಂಡು ನೋಡುವ ಮೊದಲು ಇವೆಲ್ಲ ಎರಡೂ ಮನೆಯವರಿಗೆ ಗೊತ್ತಿರಬೇಕು.

ಸುಮಾಗೆ ನಾನು ಒತ್ತಿ ಹೇಳಿದ ಸಲಹೆ ಒಂದೇ. ಸಂಸ್ಥೆಯ ಹೆಸರಿಗೆ ಮರುಳಾಗಬೇಡ, ಮಾರ್ಗದರ್ಶಕರನ್ನು ನೋಡಿ ಸೇರು. ದೊಡ್ಡ ಹೆಸರಿನ ಪ್ರಯೋಗಾಲಯದಲ್ಲಿ ಮಾತನಾಡಿಸುವವರಿಲ್ಲದೆ ಬಾಡಿಹೋದ ಮಕ್ಕಳನ್ನು ನಾನು ಕಂಡಿದ್ದೇನೆ, ಅವರ ಮುಖಗಳು ಈಗಲೂ ನನ್ನನ್ನು ಬಿಡುವುದಿಲ್ಲ. ಫೆಲೋಶಿಪ್ ಪತ್ರಕ್ಕೆ ಅವಧಿಯಿದೆ, ಅದರೊಳಗೆ ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಕೆಲವು ಪ್ರಯೋಗಾಲಯಗಳಿಗೆ ಹೋಗಿ ಬಾ. ಮಾರ್ಗದರ್ಶಕರು ಇಲ್ಲದಾಗ, ಕ್ಯಾಂಟೀನಿನಲ್ಲಿ, ಹಿರಿಯ ವಿದ್ಯಾರ್ಥಿಗಳನ್ನು ಕೇಳು: ಕಳೆದ ಬಾರಿ ಪ್ರಬಂಧ ಸಲ್ಲಿಸಿದವರಿಗೆ ಎಷ್ಟು ವರ್ಷ ಹಿಡಿಯಿತು? ಅರ್ಧದಲ್ಲಿ ಬಿಟ್ಟವರು ಯಾರು, ಏಕೆ? ಬರೆದು ಕೊಟ್ಟದ್ದು ಎಷ್ಟು ದಿನಕ್ಕೆ ತಿದ್ದಿ ವಾಪಸು ಬರುತ್ತದೆ? ಮುಗಿಸಿದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಒಪ್ಪುವಂಥ ಜಾಗ ಸಿಗದಿದ್ದರೆ ಕಾರ್ಖಾನೆಯ ಕೆಲಸಕ್ಕೆ ಹೋಗು, ಅದೇನೂ ಕೀಳಲ್ಲ.

ಕೆಲವು ವಾರಗಳ ನಂತರ ಫೋನ್ ಮಾಡಿದಳು. ಮೊದಲು ಮನಸ್ಸಿನಲ್ಲಿದ್ದ ಹೆಸರಾಂತ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಬಾಗಿಲ ಕಡೆ ನೋಡಿಕೊಂಡೇ ಉತ್ತರಿಸಿದರಂತೆ. ಮೈಸೂರಿನದೇ ಒಂದು ಸಣ್ಣ ತಂಡದಲ್ಲಿ, ಮಾರ್ಗದರ್ಶಕಿ ಕೆಟ್ಟುಹೋದ ಪ್ರಯೋಗವೊಂದನ್ನು ತೋರಿಸಿ “ಏಕೆ ಹೀಗಾಯಿತು ಹೇಳು” ಎಂದು ಇವಳನ್ನು ಗಂಟೆಗಟ್ಟಲೆ ಕೂರಿಸಿಕೊಂಡರಂತೆ. ಅಲ್ಲಿಯೇ ಸೇರುವುದೆಂದು ನಿರ್ಧರಿಸಿದ್ದಳು. ತಮ್ಮನ ಶುಲ್ಕಕ್ಕೆ ತಂದೆ ಊರಿನ ಸಹಕಾರ ಸಂಘದಲ್ಲಿ ವಿಚಾರಿಸಿದ್ದರು. ಮೊದಲ ವರ್ಷ ಮುಗಿದ ಕೂಡಲೇ ಮತ್ತೆ ಬಂದು ಕಾಣಲು, ನಡುವೆ ನಿದ್ದೆ, ಊಟ ತಪ್ಪತೊಡಗಿದರೆ ಅಷ್ಟು ದಿನವೂ ಕಾಯದೆ ಬರಲು ಹೇಳಿದ್ದೇನೆ.