ವಿಮಾನ ಏರುತ್ತೆ, ಪಾಪ ಟೈರ್‌ಗಳದ್ದೇ ಚಿಂತೆ

ಚಿಕ್ಕಬಳ್ಳಾಪುರದ ಜಲ್ಲಿ ಕ್ರಷರ್‌ನಲ್ಲಿ ಬೆಲ್ಟ್ ನೋಡಿಕೊಳ್ಳೋ ನೀವು ಕೇಳಿದ್ದು: ವಿಮಾನ ಮುಂದೆ ಹೋದಷ್ಟೇ ವೇಗದಲ್ಲಿ ಕೆಳಗಿನ ಬೆಲ್ಟ್ ಹಿಂದಕ್ಕೆ ಓಡಿದರೆ ಅದು ಮೇಲೇರುತ್ತಾ? ಏರುತ್ತೆ ಸರ್. ಏರುತ್ತೆ ಅಂತ ಪಂದ್ಯ ಕಟ್ಟಿದ್ದರೆ ಗೆದ್ದಿರಿ.

ಏರಲ್ಲ ಅನ್ನೋ ನಿಮ್ಮ ಗೆಳೆಯರು ಟಿಪ್ಪರ್ ಲೆಕ್ಕದಲ್ಲಿ ಯೋಚಿಸ್ತಿದ್ದಾರೆ. ಟಿಪ್ಪರ್ ಎಂಜಿನ್ ಚಕ್ರ ತಿರುಗಿಸುತ್ತೆ, ಚಕ್ರ ನೆಲವನ್ನ ಒದೆಯುತ್ತೆ. ಬೆಲ್ಟ್ ಮೇಲೆ ಅದು ನಿಂತಲ್ಲೇ ನಿಲ್ಲುತ್ತೆ, ನಿಜ. ವಿಮಾನದ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಅದು ಗಾಳಿಯನ್ನ ಹಿಂದಕ್ಕೆ ತಳ್ಳಿ ಮುಂದೆ ಹೋಗುತ್ತೆ. ಚಕ್ರ ಬೇರಿಂಗ್ ಮೇಲೆ ಸುಮ್ಮನೆ ಉರುಳುತ್ತೆ. ಓಡೋ ಬೆಲ್ಟ್ ಮೇಲೆ ಆಟಿಕೆ ಕಾರು ಇಟ್ಟು, ಪಕ್ಕದಲ್ಲಿ ನಿಂತು ದಾರದಿಂದ ಎಳೆದ ಹಾಗೆ. ಕಾರು ಬರುತ್ತೆ, ಚಕ್ರ ಗಿರಗಿರ ತಿರುಗುತ್ತೆ, ಅಷ್ಟೇ. ರೆಕ್ಕೆಗೆ ಬೇಕಾದ್ದು ಗಾಳಿಯ ವೇಗ, ನೆಲದ್ದಲ್ಲ.

2008ರಲ್ಲಿ ಅಮೆರಿಕದ 'ಮಿತ್‌ಬಸ್ಟರ್ಸ್' ಟಿವಿ ತಂಡ ಉದ್ದದ ಟಾರ್ಪಾಲನ್ನ ಗಾಡಿಯಿಂದ ಹಿಂದಕ್ಕೆ ಎಳೆಸಿ, ಅದರ ಮೇಲಿಂದ ಪುಟ್ಟ ವಿಮಾನ ಹಾರಿಸಿಯೇ ತೋರಿಸಿತು.

ಒಂದು ತಕರಾರಂತೂ ಇದೆ. ದೊಡ್ಡ ಜೆಟ್ ಗಂಟೆಗೆ 270 ಕಿ.ಮೀ. ಆಸುಪಾಸಿನಲ್ಲಿ ಏಳುವಾಗ, ಹಿಂದಕ್ಕೆ ಓಡೋ ಬೆಲ್ಟಿನ ವೇಗವೂ ಸೇರಿ ಚಕ್ರ 540ರ ವೇಗದಲ್ಲಿ ಉರುಳಬೇಕು. ಅಂಥ ಟೈರ್‌ಗಳ ಮಿತಿ ಸಾಮಾನ್ಯವಾಗಿ 360-380. ಸಿಡಿದರೂ ಸಿಡಿಯಬಹುದು.

"ಬೆಲ್ಟ್ ಚಕ್ರದ ವೇಗಕ್ಕೇ ಸಮ ಇರಬೇಕು" ಅಂತ ಯಾರಾದ್ರೂ ಪಟ್ಟು ಹಿಡಿದರೆ, ವಿಮಾನ ಒಂದಡಿ ಮುಂದೆ ಸರಿದ ಕೂಡಲೇ ಚಕ್ರದ ವೇಗ ಬೆಲ್ಟಿಗಿಂತ ಹೆಚ್ಚಾಗಿ ಆ ಷರತ್ತೇ ಮುರಿಯುತ್ತೆ ಅಂತ ಹೇಳಿ.