ಕೆಮ್ಮಿದ್ರೆ ಸಾಕು ಸೀರೆ ಒದ್ದೆ, ಗರ್ಭಕೋಶ ತೆಗೆಸ್ಬೇಕಾ ಡಾಕ್ಟ್ರೇ?

ಪ್ರಶ್ನೆ: ನಂಗೆ 47 ವರ್ಷ, ಶಿರಸಿ ಹತ್ರದ ಹಳ್ಳೀಲಿ ಪ್ರೈಮರಿ ಸ್ಕೂಲ್ ಟೀಚರ್. ಎರಡೂ ನಾರ್ಮಲ್ ಹೆರಿಗೆ, ಎರಡನೇ ಮಗು ತೂಕ ಜಾಸ್ತಿ ಇತ್ತು. ಮೂರ್ನಾಲ್ಕು ವರ್ಷದಿಂದ ಕೆಮ್ಮಿದ್ರೆ, ಸೀನಿದ್ರೆ, ಬಿಂದಿಗೆ ಎತ್ತಿದ್ರೆ, ಜೋರಾಗಿ ನಕ್ಕರೂ ಒಂದಕ್ಕೆ ಹೋಗ್ಬಿಡುತ್ತೆ. ಸ್ಕೂಲಿಗೆ ಹೊರಟ್ರೆ ಸಂಜೆ ಮನೆಗೆ ಬರೋವರೆಗೂ ನೀರೇ ಕುಡಿಯಲ್ಲ. ದಿನಾ ಮುಟ್ಟಿನ ಪ್ಯಾಡ್ ಹಾಕ್ಕೊಂಡು ತೊಡೆಸಂದಿ ಎಲ್ಲ ಕೆಂಪಾಗಿ ಉರಿ. ಮದುವೆ ಮನೇಲಿ ಬಾಗಿಲ ಹತ್ರಾನೇ ಕೂರ್ತೀನಿ, ತಿಳಿ ಬಣ್ಣದ ಸೀರೆ ಉಡೋದು ಬಿಟ್ಟಿದೀನಿ, ಮೈಲಿಗೆ ಅನ್ಸಿ ದೇವರ ದೀಪ ಹಚ್ಚೋದನ್ನೂ ಮಗಳಿಗೆ ಬಿಟ್ಟಿದೀನಿ. ಮನೆಯವ್ರ ಪಕ್ಕ ಮಲಗೋಕೂ ಹಿಂಜರಿಕೆ, ಅವ್ರಿಗೆ ಕಾರಣ ಹೇಳಿಲ್ಲ. ಗರ್ಭಕೋಶ ತೆಗೆಸಿಬಿಟ್ರೆ ಎಲ್ಲ ಸರಿಹೋಗುತ್ತೆ ಅಂತ ನನ್ನ ಓರಗಿತ್ತಿ ಹೇಳ್ತಾರೆ. ತೆಗೆಸ್ಲಾ?

ಉತ್ತರ: ಬೇಡ. ಇದೊಂದಕ್ಕೋಸ್ಕರ ಅಂತೂ ಖಂಡಿತ ಬೇಡ. ಸೋರ್ತಿರೋದು ಮೂತ್ರನಾಳದಿಂದ, ಗರ್ಭಕೋಶ ತೆಗೆದ್ರೆ ಅದು ಬಿಗಿಯಾಗಲ್ಲ, ಕೆಲವರಿಗೆ ಆಪರೇಷನ್ ಆದ್ಮೇಲೇನೇ ಈ ತೊಂದ್ರೆ ಶುರುವಾಗೋದೂ ಇದೆ. ಕಲಬುರಗಿ ಕಡೆ ಲಂಬಾಣಿ ತಾಂಡಾಗಳಲ್ಲಿ ಬೆನ್ನುನೋವು, ಬಿಳಿಸೆರಗು ಅಂತ ಬಂದ ಹೆಂಗಸರ ಗರ್ಭಕೋಶ ಅಗತ್ಯ ಇಲ್ಲದೇ ತೆಗೆದುಹಾಕಿದ್ರು ಅನ್ನೋದು 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿತ್ತು, ಅಷ್ಟಾದ್ರೂ ನಮ್ಮೂರುಗಳಲ್ಲಿ ಸೊಂಟದ ಕೆಳಗಿನ ಯಾವ ಕಾಯಿಲೆಗೂ ಇದೇ ಸಲಹೆ ಕೊಡ್ತಾರೆ, ನಂಗೆ ಇದು ತುಂಬಾ ಸಂಕಟ ಆಗುತ್ತೆ.

ನಿಮಗಿರೋದು ಒತ್ತಡ ಬಿದ್ದಾಗ ಸೋರೋದು, ಡಾಕ್ಟರುಗಳು ಸ್ಟ್ರೆಸ್ ಇನ್‌ಕಾಂಟಿನೆನ್ಸ್ ಅಂತಾರೆ, ಮನಸ್ಸಿನ ಸ್ಟ್ರೆಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಮೂತ್ರಕೋಶ, ಗರ್ಭಕೋಶ, ಕರುಳು ಮೂರನ್ನೂ ಕೆಳಗಿಂದ ಹೊತ್ತಿರೋ ಮಾಂಸಖಂಡ ಒಂದಿದೆ, ತೊಟ್ಟಿಲಿಗೆ ಕಟ್ಟಿದ ಸೀರೆ ಥರ. ಹೆರಿಗೇಲಿ ಅದು ಜಗ್ಗುತ್ತೆ, ಮುಟ್ಟು ನಿಲ್ಲೋ ವಯಸ್ಸಲ್ಲಿ ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನು ಕಮ್ಮಿಯಾಗಿ ಆ ಜಾಗದ ಚರ್ಮಾನೂ ತೆಳ್ಳಗಾಗುತ್ತೆ, ಜೊತೆಗೆ ತೂಕ, ಮಲಬದ್ಧತೆ, ವಾಸಿಯಾಗದ ಕೆಮ್ಮು ಇದ್ರೆ ಇನ್ನೂ ಜಾಸ್ತಿ.

ಮೊದಲ ಔಷಧಿ ವ್ಯಾಯಾಮಾನೇ. ಅಮೆರಿಕದ ಕೀಗೆಲ್ ಅನ್ನೋ ಡಾಕ್ಟ್ರು 1948ರಲ್ಲೇ ಇದನ್ನ ಬರೆದಿಟ್ರು, ಇವತ್ತಿಗೂ ಇದೇ ಮೊದಲು. ಆದ್ರೆ ತುಂಬಾ ಜನ ತಪ್ಪು ಮಾಡ್ತಾರೆ, ಹೊಟ್ಟೆ ಬಿಗಿ ಹಿಡೀತಾರೆ, ಇಲ್ಲಾ ಕೆಳಕ್ಕೆ ಮುಕ್ಕರಿತಾರೆ, ಅದು ಉಲ್ಟಾ. ಮಂಡಿ ಮಡಚಿ ಅಂಗಾತ ಮಲಗಿ. ನಾಲ್ಕು ಜನರ ಮಧ್ಯೆ ಗ್ಯಾಸ್ ಬರೋ ಹಾಗಾದಾಗ ಹೇಗೆ ತಡೀತೀರೋ ಹಾಗೆ ಹಿಂದಿನ ದಾರಿ ಬಿಗಿ ಮಾಡಿ, ಅದೇ ಬಿಗೀನ ಮುಂದಕ್ಕೆ ಮೂತ್ರದ ದಾರಿವರೆಗೂ ತಂದು ಒಳಕ್ಕೆ, ಮೇಲಕ್ಕೆ ಎಳ್ಕೊಳ್ಳಿ. ಉಸಿರು ನಡೀತಾ ಇರ್ಬೇಕು, ತೊಡೆ ಪಿರ್ರೆ ಸಡಿಲ ಇರ್ಬೇಕು. ಐದು ಎಣಿಸೋವರೆಗೂ ಹಿಡಿದು ಅಷ್ಟೇ ಹೊತ್ತು ಪೂರ್ತಿ ಬಿಡಿ, ಹೀಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು. ನಿಧಾನಕ್ಕೆ ಹತ್ತು ಎಣಿಸೋವರೆಗೂ ಏರಿಸಿ, ಆಮೇಲೆ ಕೂತು, ನಿಂತು ಮಾಡಿ. ಒಂದಕ್ಕೆ ಹೋಗುವಾಗ ಮಧ್ಯದಲ್ಲಿ ತಡೆದು ತಡೆದು ಪ್ರಾಕ್ಟೀಸ್ ಮಾಡೋದು ಮಾತ್ರ ಬೇಡ. ಸೀನು ಬರ್ತಿದೆ ಅನ್ಸಿದ ತಕ್ಷಣ, ಬಿಂದಿಗೆಗೆ ಕೈ ಹಾಕೋ ಮುಂಚೆ ಹೀಗೇ ಬಿಗಿ ಹಿಡೀರಿ, ಇದಕ್ಕೆ ಫಲ ಬೇಗ ಕಾಣುತ್ತೆ. ಉಳಿದಿದ್ದಕ್ಕೆ ಮೂರು ತಿಂಗಳು ಬಿಡದೆ ಮಾಡ್ಬೇಕು. ಸರಿಯಾಗಿ ಮಾಡ್ತಿದೀನಾ ಅಂತ ಡೌಟ್ ಇದ್ರೆ ಫಿಸಿಯೋಥೆರಪಿಸ್ಟೋ ಹೆರಿಗೆ ಡಾಕ್ಟ್ರೋ ಒಂದ್ಸಲ ನೋಡಿ ಹೇಳ್ಲಿ.

ನೀರು ಬಿಡ್ಬೇಡಿ. ಮೂತ್ರ ಗಟ್ಟಿಯಾದ್ರೆ ಮೂತ್ರಕೋಶ ಕೆರಳುತ್ತೆ, ಇನ್ಫೆಕ್ಷನ್ನಿಗೂ ದಾರಿ, ಮಲಾನೂ ಕಟ್ಟುತ್ತೆ. ದಿನಕ್ಕೆ ಒಂದೂವರೆ ಎರಡು ಲೀಟರ್ ಇರ್ಲಿ. ಸ್ಕೂಲಲ್ಲಿ ಟೀಚರ್‌ಗಳಿಗೆ ಒಂದು ಸರಿಯಾದ ಟಾಯ್ಲೆಟ್ ಇಲ್ಲದಿದ್ರೆ ಅದು ನಿಮ್ಮ ತಪ್ಪಲ್ಲ, ಬೇರೆ ಟೀಚರ್‌ಗಳನ್ನೂ ಸೇರಿಸ್ಕೊಂಡು ಕೇಳಿ. ಮುಟ್ಟಿನ ಪ್ಯಾಡ್ ರಕ್ತಕ್ಕೆ ಮಾಡಿದ್ದು, ಮೂತ್ರ ಅಷ್ಟು ಬೇಗ ಹೀರಲ್ಲ, ಅದಕ್ಕೇ ಉರಿ. ಇದಕ್ಕೇ ಅಂತ ಬೇರೆ ಪ್ಯಾಡ್ ಮೆಡಿಕಲ್ಸಲ್ಲಿ ಸಿಗುತ್ತೆ.

ಮುಟ್ಟು ನಿಂತು ಒಣಗಿದ ಹಾಗೆ, ಉರಿದ ಹಾಗೆ ಆಗ್ತಿದ್ರೆ ಒಳಗೆ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಇದೆ, ಡಾಕ್ಟ್ರನ್ನ ಕೇಳಿ. ವ್ಯಾಯಾಮದಿಂದ ಸಾಕಾಗ್ದೇ ಇದ್ರೆ ಮೂತ್ರನಾಳಕ್ಕೆ ಆಸರೆ ಕೊಡೋ ಸ್ಲಿಂಗ್ ಆಪರೇಷನ್ ಇದೆ, ಒಳ್ಳೇದೇ, ಆದ್ರೆ ಅದಕ್ಕೆ ಸಾಮಾನ್ಯವಾಗಿ ಹಾಕೋ ಪ್ಲಾಸ್ಟಿಕ್ ಜಾಲರಿಯಿಂದ (ಮೆಶ್) ಕೆಲವರಿಗೆ ನೋವು ಉಳಿದು ಇಂಗ್ಲೆಂಡಲ್ಲಿ 2018ರಲ್ಲಿ ಅದನ್ನ ತಡೆಹಿಡಿದ್ರು, ಹಾಗಾಗಿ ಕೇಳಿ ತಿಳ್ಕೊಂಡೇ ಒಪ್ಕೊಳ್ಳಿ.

ದೀಪ ಹಚ್ಚಿ ತಾಯಿ. ಇದು ಸುಸ್ತಾದ ಮಾಂಸಖಂಡ, ಮೈಲಿಗೆ ಅಲ್ಲ. ಮನೆಯವ್ರಿಗೂ ಹೇಳಿ, ಕಾರಣ ಗೊತ್ತಿಲ್ದೆ ಅವ್ರು ತಮ್ಮನ್ನೇ ಬೇಡ ಅಂತಿದೀರ ಅಂದ್ಕೊಂಡಿರ್ತಾರೆ.

ಪ್ರಶ್ನೆ: ನಮ್ಮಮ್ಮಂಗೆ 54, ಶುಗರ್ ಇದೆ. ಕೆಮ್ಮಿದ್ರೆ ಏನಿಲ್ಲ, ಆದ್ರೆ ಅರ್ಜೆಂಟ್ ಬಂದ್ರೆ ಬಚ್ಚಲು ಮುಟ್ಟೋದ್ರೊಳಗೆ ಆಗಿಹೋಗುತ್ತೆ. ರಾತ್ರಿ ನಾಲ್ಕೈದು ಸಲ ಏಳ್ತಾರೆ. ಅದೇ ವ್ಯಾಯಾಮ ಸಾಕಾ?

ಉತ್ತರ: ಇದು ಬೇರೆ ಥರ, ಮೂತ್ರಕೋಶ ತುಂಬೋ ಮುಂಚೇನೇ ಹಿಂಡೋದು. ಶುಗರ್ ಜಾಸ್ತಿ ಇದ್ರೂ ಮೂತ್ರ ಜಾಸ್ತಿ, ಬೀಪಿ ಮಾತ್ರೇಲಿ ನೀರಿಳಿಸೋದು ಸೇರಿದ್ರೂ ಹೀಗೇ, ಹಾಗಾಗಿ ಮೊದಲು ಶುಗರ್, ಮೂತ್ರ ಟೆಸ್ಟ್ ಮಾಡಿಸಿ, ಮಾತ್ರೆ ಚೀಟಿ ಡಾಕ್ಟ್ರಿಗೆ ತೋರಿಸಿ. ಮೂರು ದಿನ ಎಷ್ಟು ಹೊತ್ತಿಗೆ ಹೋದ್ರು, ಎಷ್ಟು ಕುಡಿದ್ರು ಬರೆದಿಡಿ. ಕಾಫಿ ಟೀ ಕಮ್ಮಿ ಮಾಡ್ಲಿ, ಅರ್ಜೆಂಟ್ ಬಂದಾಗ ಓಡದೇ ಕೂತು ನಾಲ್ಕೈದು ಸಲ ಬಿಗಿ ಹಿಡಿದು, ತಣ್ಣಗಾದ್ಮೇಲೆ ಹೋಗ್ಲಿ, ಒಂದ್ಸಲ ಹೋಗೋದಕ್ಕೂ ಇನ್ನೊಂದ್ಸಲ ಹೋಗೋದಕ್ಕೂ ನಡುವಿನ ಅಂತರಾನ ವಾರ ವಾರಕ್ಕೆ ಹತ್ತು ಹದಿನೈದು ನಿಮಿಷ ಹಿಗ್ಗಿಸ್ತಾ ಆರು ವಾರ ನೋಡಿ. ಆಗಲೂ ಆಗ್ದಿದ್ರೆ ಮಾತ್ರೆಗಳಿವೆ. ಮೂತ್ರದಲ್ಲಿ ರಕ್ತ, ಜ್ವರ, ಮೂತ್ರ ಕಟ್ಟಿಕೊಳ್ಳೋದು, ಕಾಲು ಜೋಮು ಹಿಡಿಯೋದು ಏನಾದ್ರೂ ಕಂಡ್ರೆ ಆರು ವಾರ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ.