ಕಂದು ಹದ್ದಿನ ಒಂದೇ ರೆಕ್ಕೆಯಲ್ಲಿ ಬಿಳಿ ಗರಿಗಳಿವೆ, ಇದು ಯಾವ ಜಾತಿ?

ಮೈಯೆಲ್ಲಾ ಕಂದು, ಎಡ ರೆಕ್ಕೆಯಲ್ಲಿ ಮಾತ್ರ ಕೆಲವು ಅಚ್ಚ ಬಿಳಿ ಗರಿ, ಬಾಲದ ತುದಿ ಸ್ವಲ್ಪ ಕವಲು, ಕಣ್ಣು ಕಪ್ಪು. ಪುಸ್ತಕದ ಯಾವ ಚಿತ್ರಕ್ಕೂ ಹೊಂದುತ್ತಿಲ್ಲ, ಅಪರೂಪದ ಜಾತಿ ಇರಬಹುದಾ ಅಂತ ಕೇಳಿದ್ದೀರಿ. ನೀವು ಹೇಳಿದ ಲಕ್ಷಣ ನೋಡಿದರೆ ಇದು ಮಾಮೂಲಿ ಹದ್ದು, ಅಂದರೆ ಬ್ಲ್ಯಾಕ್ ಕೈಟ್. ಕೆಲವು ಗರಿಗಳಿಗೆ ಬಣ್ಣ ಬಂದಿಲ್ಲ, ಅಷ್ಟೇ.

ಇದನ್ನು ಹೇಳಿಕೊಟ್ಟದ್ದು ಬಾಲ. ಬೇಟೆ ಹಕ್ಕಿಗಳಲ್ಲಿ ಮೊದಲು ಆಕಾರ ನೋಡಬೇಕು, ಬಣ್ಣ ಆಮೇಲೆ. ಕಂದು ಮೈಯ ದೊಡ್ಡ ಹಕ್ಕಿಗೆ ಕವಲು ಬಾಲ ಇದ್ದರೆ ಹುಡುಕಾಟ ಅಲ್ಲೇ ಮುಕ್ಕಾಲು ಮುಗಿಯಿತು. ಗರುಡದ ಎಳೆಯ ಹಕ್ಕಿಯೂ ಕಂದು, ತುಂಬಾ ಜನ ಅಲ್ಲಿ ಗೊಂದಲವಾಗುತ್ತಾರೆ. ಆದರೆ ಅದರ ಬಾಲದ ತುದಿ ಗುಂಡಗಿರುತ್ತದೆ. ಒಂದು ಎಚ್ಚರ: ಹದ್ದು ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಮಾಯವಾಗಿ ನೇರ ಅಂಚು ಕಾಣುತ್ತದೆ. ಬಾಲ ಮಡಿಸಿಕೊಂಡಿರುವ ಫೋಟೋವನ್ನೇ ನಂಬಿ.

ಇನ್ನು ಆ ಬಿಳಿ. ಜಾತಿಗೆ ಸಹಜವಾದ ಗುರುತು ಎರಡೂ ರೆಕ್ಕೆಯಲ್ಲಿ ಒಂದೇ ಥರ ಇರುತ್ತದೆ. ಒಂದೇ ಕಡೆ ಇದ್ದರೆ ಅದು ಆ ಒಂದು ಹಕ್ಕಿಯ ವಿಷಯ. ಮೊದಲು ಫೋಟೋ ದೊಡ್ಡದು ಮಾಡಿ ನೋಡಿ, ಅಲ್ಲಿ ಗರಿ ಇದೆಯಾ, ಇಲ್ಲ ಉದುರಿದ ಜಾಗದಲ್ಲಿ ಆಕಾಶ ಕಾಣುತ್ತಿದೆಯಾ ಅಂತ. ಎಷ್ಟೋ ಸಲ ಬಿಳಿ ಪಟ್ಟಿ ಅಂದುಕೊಂಡದ್ದು ಬರೀ ಸಂದು. ಗರಿಯೇ ಆಗಿದ್ದರೆ ಅದರ ತುದಿ ನೋಡಿ. ಗರಿಗೆ ಕಪ್ಪು, ಕಂದು ಕೊಡುವ ಮೆಲನಿನ್ ಅದಕ್ಕೆ ಗಟ್ಟಿತನವನ್ನೂ ಕೊಡುತ್ತದೆ. ಅದಿಲ್ಲದ ಬಿಳಿ ಗರಿ ಬೇಗ ಸವೆದು, ಪಕ್ಕದ ಕಂದು ಗರಿಗಿಂತ ತುದಿ ಜಾಸ್ತಿ ಹರಿದಿರುತ್ತದೆ. ಹೀಗೆ ಕೆಲವು ಗರಿಗಳಿಗೆ ಬಣ್ಣ ಬಾರದಿರುವುದಕ್ಕೆ ಸಾಮಾನ್ಯವಾಗಿ ಲ್ಯೂಸಿಸಂ ಅನ್ನುತ್ತಾರೆ. ಆಲ್ಬಿನೋ ಖಂಡಿತ ಅಲ್ಲ. ಆಲ್ಬಿನೋ ಹಕ್ಕಿಯಲ್ಲಿ ಮೆಲನಿನ್ ಎಲ್ಲೂ ಇರುವುದಿಲ್ಲ, ಕಣ್ಣೂ ಗುಲಾಬಿ.

ವಿಚಿತ್ರ ಬಣ್ಣ ಎರಡೂ ಕಡೆ ಸಮನಾಗಿದ್ದರೆ ವಯಸ್ಸನ್ನು ಯೋಚಿಸಿ. ಬಿಳಿ ರಣಹದ್ದು ಎಳೆಯದಿದ್ದಾಗ ಗಾಢ ಕಂದು, ಬಿಳಿಯಾಗಲು ಸುಮಾರು 5 ವರ್ಷ ಬೇಕು. ಶಿಕ್ರಾ ಅನ್ನುವ ಪುಟ್ಟ ಗಿಡುಗದ ಎಳೆಯ ಹಕ್ಕಿಗೆ ಎದೆಯ ಮೇಲೆ ಉದ್ದುದ್ದ ಗೀರು, ದೊಡ್ಡದಾದ ಮೇಲೆ ಅಡ್ಡಡ್ಡ ಪಟ್ಟಿ.

ಗುರುತಿಸಲು ಎಲ್ಲಕ್ಕಿಂತ ಕಷ್ಟ ಜೇನುಗಿಡುಗ. ಒಂದರ ಹೊಟ್ಟೆ ಹೆಚ್ಚುಕಮ್ಮಿ ಬಿಳಿ, ಇನ್ನೊಂದರದು ಕಡು ಕಂದು, ಮತ್ತೊಂದಕ್ಕೆ ಮೈತುಂಬಾ ಪಟ್ಟಿ. ಒಂದೇ ಮರದಲ್ಲಿ ಎರಡು ಕೂತರೂ ಒಂದೇ ಜಾತಿ ಅನ್ನಿಸುವುದಿಲ್ಲ. ಇದಕ್ಕಾಗಿಯೇ ನನಗೆ ಈ ಹಕ್ಕಿ ತುಂಬಾ ಇಷ್ಟ. ಬಣ್ಣ ಎಷ್ಟೇ ಬದಲಾಗಲಿ, ಉದ್ದ ಕತ್ತಿನ ಮೇಲಿನ ಪಾರಿವಾಳದಂಥ ಪುಟ್ಟ ತಲೆ ಮಾತ್ರ ಬದಲಾಗುವುದಿಲ್ಲ. ಬೆಳೆದ ಗಂಡಿನ ಬಾಲದಲ್ಲಿ ಎರಡು ಅಗಲ ಕಪ್ಪು ಪಟ್ಟಿ ಇರುತ್ತವೆ, ಕಣ್ಣು ಕಪ್ಪಗಿರುತ್ತದೆ. ಹೆಣ್ಣಿನ ಕಣ್ಣು ಹಳದಿ.

ನಿಮ್ಮ ಹದ್ದಿನ ಫೋಟೋವನ್ನು ದಿನಾಂಕ ಹಾಕಿ ಜೋಪಾನ ಮಾಡಿ, ಯಾವ ಗರಿ ಬಿಳಿ ಅನ್ನುವುದನ್ನೂ ಬರೆದಿಡಿ. ಹಳೆ ಗರಿ ಉದುರಿ ಹೊಸದು ಬಂದಾಗ ಅದೇ ಜಾಗ ಮತ್ತೆ ಬಿಳಿಯಾಗಬಹುದು. ಆಹಾರದ ಕೊರತೆಯಿಂದ ಹೀಗಾಗಿದ್ದರೆ ಬಣ್ಣ ವಾಪಸ್ ಬರಲೂಬಹುದು. ಅಲ್ಲಿಯವರೆಗೂ ಎಷ್ಟೇ ಹದ್ದುಗಳ ನಡುವೆ ಹಾರುತ್ತಿದ್ದರೂ ನೀವು ಕಂಡದ್ದು ಇದೇ ಅಂತ ಗುರುತು ಹಿಡಿಯಬಹುದು.